ವಾಡಿಯ ಹಳಿಗಳ ಮೇಲೆ ಮಾತಿನ ಶಿಸ್ತು

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಶಹಾಬಾದನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿದ ತರುವಾಯ, ನಿಜಾಮ ಸಂಸ್ಥಾನದ ರೈಲುಮಾರ್ಗವು ವಾಡಿಯಲ್ಲಿ ಕವಲೊಡೆದು, ಚಿತ್ತಾಪುರ, ಸೇಡಂಗಳನ್ನು ಹಾದು 1874ರಲ್ಲಿ ಸಿಕಂದರಾಬಾದನ್ನು ಸೇರಿತು.

ಕನ್ನಡ, ಉರ್ದು, ತೆಲುಗು, ಮರಾಠಿಗಳನ್ನಾಡುವ ಜನರು ಕೂಡಿ ದುಡಿಯಬೇಕಾದ ಇಂತಹ ಸೀಮೆಯಲ್ಲಿ ರೈಲಿನ ಕಾರ್ಯವು ನಿರ್ವಿಘ್ನವಾಗಿ ಸಾಗಲು ಕೇವಲ ಸದ್ಭಾವನೆ ಸಾಲದಾಗಿತ್ತು. ಒಂಟಿ ಹಳಿಯ ಮಾರ್ಗಗಳಲ್ಲಿ ಕಾಲಕ್ರಮೇಣ ನೆಲೆಗೊಂಡ ಪದ್ಧತಿಯಂತೆ, ಸ್ಟೇಷನ್ ಮಾಸ್ತರನು ಗಂಟೆಯ ಸಂಕೇತದಿಂದ ಮುಂದಿನ ನಿಲ್ದಾಣವನ್ನು ಕೇಳಿ, ಅಲ್ಲಿಂದ ‘ಲೈನ್ ಕ್ಲಿಯರ್’ ಎಂಬ ಒಪ್ಪಿಗೆ ದೊರೆತ ಬಳಿಕವೇ, ಮುಂದೆ ಸಾಗಲು ಅನುಮತಿಯ ಗುರುತಾದ ಟೋಕನ್ ಗುಂಡನ್ನು ಯಂತ್ರದಿಂದ ತೆಗೆದು, ಬಳೆಯಾಕಾರದ ಹಿಡಿಯುಳ್ಳ ಚೀಲದಲ್ಲಿರಿಸಿ ಚಾಲಕನ ಕೈಗೆ ತಲುಪಿಸುತ್ತಿದ್ದನು. ಆ ಗುಂಡು ಹೊರಗಿರುವವರೆಗೆ ಎರಡು ತುದಿಗಳ ಯಂತ್ರಗಳಲ್ಲಿ ಯಾವೊಂದರಿಂದಲೂ ಮತ್ತೊಂದು ಗುಂಡು ಹೊರಬರುತ್ತಿರಲಿಲ್ಲ. ಪಾಳಿ ಮುಗಿಸಿದವನು ದಿನಚರಿಯಲ್ಲಿ ಬಾಕಿ ಉಳಿದುದನ್ನು ಬರೆದಿಡುವುದೂ, ಬಂದವನು ಅದನ್ನೋದಿ ರುಜು ಹಾಕುವುದೂ ಅಷ್ಟೇ ಕಡ್ಡಾಯವಾಗಿದ್ದಿತು. ಕೇಳುವುದು, ಮರುನುಡಿಯುವುದು, ಬರೆದಿಡುವುದು ಎಂಬ ಈ ತ್ರಿವಿಧ ಶಿಸ್ತನ್ನು ನಾನು ಯಾವ ಸೇತುವೆಗೂ ಕಡಿಮೆಯಲ್ಲದ ನಿರ್ಮಾಣವೆಂದು ಗೌರವಿಸುತ್ತೇನೆ.

ಸುಣ್ಣಕಲ್ಲಿನ ಈ ನೆಲದಲ್ಲಿ ಸಿಮೆಂಟು ಉದ್ಯಮವೂ ಬೆಳೆಯಿತು. ಶಹಾಬಾದಿನ ಸಿಮೆಂಟು ಕಂಪನಿಯು 1936ರಲ್ಲಿ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್ (ಎ.ಸಿ.ಸಿ.) ಸಂಸ್ಥೆಯಲ್ಲಿ ವಿಲೀನವಾಯಿತು. ಹಗಲಿರುಳೆನ್ನದೆ ಉರಿಯಬೇಕಾದ ಕುಲುಮೆಯು ರೈಲಿನಲ್ಲಿದ್ದಂತೆ ಇಲ್ಲಿಯೂ ಪಾಳಿಯ ದುಡಿಮೆಯನ್ನು ಅನಿವಾರ್ಯಗೊಳಿಸಿತು. ಆದರೆ ದೇಹಕ್ಕೂ ಮಿತಿಯುಂಟಷ್ಟೆ! 1948ರ ಕಾರ್ಖಾನೆಗಳ ಕಾಯಿದೆಯು ಐದು ಗಂಟೆಗಿಂತ ಹೆಚ್ಚು ಕಾಲ ಎಡೆಬಿಡದೆ ದುಡಿಸಬಾರದೆಂದೂ, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮವೀಯಬೇಕೆಂದೂ ವಿಧಿಸಿತು.