ಬೀಗ ಗಟ್ಟಿ, ಆದರೆ ಬಾಗಿಲು?

ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ನಮ್ಮ ಸೊಸೈಟಿ ಗೇಟಿನಲ್ಲಿ ಒಂದು ದಪ್ಪ ರಿಜಿಸ್ಟರ್ ಇದೆ. ಬಂದವರೆಲ್ಲ ಹೆಸರು, ಫ್ಲಾಟ್ ನಂಬರು ಬರೆದು, ಸಹಿ ಹಾಕಿ ಒಳಗೆ ಹೋಗುತ್ತಾರೆ. ಒಂದು ದಿನ ಸುಮ್ಮನೆ ತಿರುವಿ ನೋಡಿದೆ. ಯಾರೋ ಮಹಾನುಭಾವ ನಮ್ಮಲ್ಲಿ ಇಲ್ಲವೇ ಇಲ್ಲದ ಫ್ಲಾಟಿಗೆ ಮೂರು ಸಲ ಭೇಟಿ ಕೊಟ್ಟಿದ್ದ! ವಾಚ್‌ಮನ್ ಕಾಕಾನನ್ನು ಕೇಳಿದೆ. "ಬರೆಸಿಕೊಳ್ಳೋದು ನನ್ನ ಕೆಲಸ ಸಾಹೇಬ್. ಓದೋದು ಯಾರ ಕೆಲಸ ಅಂತ ನನಗೆ ಯಾರೂ ಹೇಳಿಲ್ಲ" ಅಂದ, ಮರಾಠಿಯಲ್ಲಿ.

ಈ ಮಾತು ಮತ್ತೆ ನೆನಪಾಗಿದ್ದು ನನ್ನ ಹಳೇ ಲ್ಯಾಪ್‌ಟಾಪಿನ ದೆಸೆಯಿಂದ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಹೋದರೆ, ಒಳಗಿನ ಸೆಕ್ಯುರಿಟಿ ಚಿಪ್ ಹಳೆಯದು, ಆಗುವುದಿಲ್ಲ ಅಂತು. ಮಗ "ಎಸೀರಿ ಅಪ್ಪಾ" ಅಂದ. ನಾನು ಲಿನಕ್ಸ್ ಹಾಕಿಕೊಂಡೆ. ಅದು ಆ ಹಳೇ ಚಿಪ್ಪನ್ನೂ ಗುರುತು ಹಿಡಿದು ಮಾತಾಡಿಸಿತು. ಇದಕ್ಕೆ ಇದನ್ನೆಲ್ಲ ಕಲಿಸಿದವರು ಯಾರು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ ಕತೆ ಇದು.

ಈ ಚಿಪ್ಪಿನ ಹೆಸರು ಟಿಪಿಎಂ, ಅಂದರೆ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್. ಗುಟ್ಟಿನ ಕೀಲಿಗಳನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಶುರುವಾಗುವಾಗ ಯಾವ ಯಾವ ಸಾಫ್ಟ್‌ವೇರ್ ಎದ್ದಿತು ಅನ್ನುವ ಗುರುತನ್ನೂ ದಾಖಲು ಮಾಡಿಕೊಳ್ಳುತ್ತದೆ. ಆದರೆ ಚಿಪ್ಪಿನ ಭಾಷೆ ಬೇರೆ, ಆಪರೇಟಿಂಗ್ ಸಿಸ್ಟಮ್ಮಿನ ಭಾಷೆ ಬೇರೆ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಪರವೂರಲ್ಲಿ ಬದುಕುವ ನಮಗೆ ಗೊತ್ತೇ ಇದೆಯಲ್ಲ, ದುಭಾಷಿ ತಪ್ಪು ಹೇಳಿದರೆ ಇಬ್ಬರೂ ಒಳ್ಳೆಯವರಾಗಿದ್ದರೂ ಕೆಲಸ ಕೆಡುತ್ತದೆ.

1999ರಲ್ಲಿ ಕಾಂಪ್ಯಾಕ್, ಎಚ್‌ಪಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಇದಕ್ಕಾಗಿ ಒಂದು ಕೂಟ ಕಟ್ಟಿದವು. ಶುರುವಿನಿಂದಲೇ ಜಗಳ. ನನ್ನ ಕಂಪ್ಯೂಟರಿನಲ್ಲಿ ನನ್ನ ಮೇಲೇ ಕಾವಲಿಡಲು ಈ ಚಿಪ್ ಬಳಕೆಯಾದರೆ? ಕೇಂಬ್ರಿಜ್‌ನ ರಾಸ್ ಆಂಡರ್‌ಸನ್ ಈ ಪ್ರಶ್ನೆ ಎತ್ತಿದರು. ರಿಚರ್ಡ್ ಸ್ಟಾಲ್‌ಮನ್ ಅಂತೂ 2002ರಲ್ಲಿ ಇದನ್ನು 'ವಿಶ್ವಾಸದ್ರೋಹಿ ಕಂಪ್ಯೂಟಿಂಗ್' ಅಂತಲೇ ಕರೆದರು. ಐಬಿಎಂ ಸಂಶೋಧಕರ ಉತ್ತರ ಬೇರೆ ಥರ ಇತ್ತು. ಚಿಪ್ಪನ್ನು ಮಾತಾಡಿಸುವ ಲಿನಕ್ಸ್ ಡ್ರೈವರಿನ ಮೂಲ ಕೋಡನ್ನೇ ಬಿಚ್ಚಿಟ್ಟರು, 2003ರಲ್ಲಿ ಲಿನಕ್ಸ್ ಜರ್ನಲ್‌ನಲ್ಲಿ ಅದರ ಬಗ್ಗೆ ಲೇಖನ ಬರೆದರು. ಅನುಮಾನ ಇದ್ದವರು ಓದಿ ನೋಡಬಹುದಿತ್ತು.

ಆದರೆ ಬಿಚ್ಚಿಟ್ಟ ಮಾತ್ರಕ್ಕೆ ಯಾರಾದರೂ ಓದುತ್ತಾರೆಯೇ? ಅದೇ ವರ್ಷ ನವೆಂಬರಿನಲ್ಲಿ ಲಿನಕ್ಸ್ ಕೋಡಿನ ಒಂದು ನಕಲು ಇದ್ದ ಸರ್ವರಿಗೆ ಯಾರೋ ನುಗ್ಗಿ ಎರಡು ಸಾಲು ಸೇರಿಸಿದರು. ನೋಡಿದರೆ ಸಾಧು ಸಾಲುಗಳು. 'ಈ ಬಳಕೆದಾರನ ಸಂಖ್ಯೆ ಸೊನ್ನೆಯೇ?' ಅಂತ ಕೇಳಿದ ಹಾಗೆ ಕಾಣುತ್ತಿತ್ತು. ಆದರೆ ಎರಡು ಸಮಚಿಹ್ನೆ ಇರಬೇಕಾದ ಕಡೆ ಒಂದೇ ಇತ್ತು. ಆಗ ಅರ್ಥ 'ಇವನ ಸಂಖ್ಯೆ ಸೊನ್ನೆ ಮಾಡು' ಅಂತ ಆಗುತ್ತದೆ. ಲಿನಕ್ಸಿನಲ್ಲಿ ಸೊನ್ನೆ ಅಂದರೆ ಯಜಮಾನ! ಇಡೀ ಮನೆಯ ಕೀಲಿ ಅವನ ಕೈಗೆ. ಈ ಬದಲಾವಣೆಗೆ ಯಾರೂ ಒಪ್ಪಿಗೆ ಕೊಟ್ಟ ದಾಖಲೆ ಮೂಲದಲ್ಲಿ ಇರಲಿಲ್ಲ. ತಾಳೆ ನೋಡುವಾಗ ಸಿಕ್ಕಿಬಿತ್ತು.

ಮರುವರ್ಷ, 2004ರಲ್ಲಿ, ಲಿನಕ್ಸಿಗೆ ಕೋಡ್ ಕಳಿಸುವವರು ಕೆಳಗೆ ತಮ್ಮ ಹೆಸರಿನಲ್ಲಿ ಸಹಿ ಸಾಲು ಬರೆಯುವ ಪದ್ಧತಿ ಬಂತು. ಇದಕ್ಕೆ ಕಾರಣ ಆ ಕಳ್ಳತನವಲ್ಲ, ಕೋಡ್ ಯಾರದು ಅನ್ನುವ ಬಗ್ಗೆ ಎಸ್‌ಸಿಒ ಕಂಪನಿ 2003ರಲ್ಲಿ ಹೂಡಿದ್ದ ಮೊಕದ್ದಮೆ. ಏನೇ ಇರಲಿ, ಒಂದೊಂದು ಬದಲಾವಣೆಗೂ ಹೆಸರು ಹೇಳುವವನೊಬ್ಬ ಇರಬೇಕು ಅಂತಾಯಿತು.

2005ರ ಜೂನ್‌ನಲ್ಲಿ ಬಂದ ಲಿನಕ್ಸ್ 2.6.12ರಲ್ಲಿ ಟಿಪಿಎಂ ಡ್ರೈವರ್ ಅಧಿಕೃತವಾಗಿ ಸೇರಿತು. ಅಲ್ಲಿಂದ ಅದರ ಪ್ರತಿ ಬದಲಾವಣೆಯೂ ಈಮೇಲಿನಲ್ಲಿ ಬರುತ್ತದೆ. ಉಳಿದವರು ಆ ಸಾಲುಗಳ ಕೆಳಗೇ ತಕರಾರು ಬರೆಯುತ್ತಾರೆ. ಚಿಪ್ ಹೇಳಿದ ಉದ್ದವನ್ನು ಪರೀಕ್ಷೆ ಮಾಡದೆ ನಂಬಿದ್ದೀಯಾ? ಚಿಪ್ ಉತ್ತರವನ್ನೇ ಕೊಡದಿದ್ದರೆ ಎಷ್ಟು ಹೊತ್ತು ಕಾಯುತ್ತೀ? ಕೆಲಸ ಮುಗಿದ ಮೇಲೆ ಕೀಲಿಯನ್ನು ಮೆಮೊರಿಯಿಂದ ಅಳಿಸಿದೆಯಾ? ತಿದ್ದಿ ಎರಡನೇ ಸಲ, ಮೂರನೇ ಸಲ ಕಳಿಸಬೇಕು. ಕೊನೆಗೆ ಆ ವಿಭಾಗದ ಹೊಣೆ ಹೊತ್ತವರು ಒಪ್ಪಿದರೆ ಮಾತ್ರ ಮುಂದಕ್ಕೆ.

ಇಷ್ಟೆಲ್ಲ ಇದ್ದೂ ತಪ್ಪು ನುಸುಳುತ್ತದೆ. ಭದ್ರತೆಗೆಂದೇ ಇದ್ದ ಈ ಡ್ರೈವರ್, ಒಂದು ಮೆಮೊರಿ ಜಾಗವನ್ನು ಶುಚಿ ಮಾಡದೆ ಬಳಸುತ್ತಿತ್ತು. ಅದರಲ್ಲಿ ಉಳಿದ ಹಳೇ ಮಾಹಿತಿ ಹೊರಗಿನವರ ಕಣ್ಣಿಗೆ ಬೀಳುವ ಅಪಾಯವಿತ್ತು. ಮುಸುರೆ ತೊಳೆಯದ ತಟ್ಟೆಯಲ್ಲೇ ಇನ್ನೊಬ್ಬರಿಗೆ ಬಡಿಸಿದ ಹಾಗೆ. 2011ರ 2.6.39ರ ಹೊತ್ತಿಗೆ ಅದು ಸರಿಯಾಯಿತು. ಪರಿಹಾರ ಏನು ಗೊತ್ತೇ? ಜಾಗ ಕೇಳುವಾಗಲೇ ಸೊನ್ನೆ ತುಂಬಿಸಿ ಕೊಡು ಅನ್ನುವುದು. ಕೋಡಿನಲ್ಲಿ ಹೆಚ್ಚುಕಡಿಮೆ ಒಂದು ಪದದ ವ್ಯತ್ಯಾಸ!

2015ರ ಏಪ್ರಿಲ್‌ನಲ್ಲಿ ಲಿನಕ್ಸ್ 4.0, ಹೊಸ ಪೀಳಿಗೆಯ ಟಿಪಿಎಂ 2.0 ಚಿಪ್ಪುಗಳ ಜೊತೆ ಮಾತಾಡಲು ಕಲಿತಿತು. 2021ರಲ್ಲಿ ವಿಂಡೋಸ್ 11 ಅದನ್ನು ಕಡ್ಡಾಯ ಮಾಡಿದ ಮೇಲೆ ಟಿಪಿಎಂ ಅನ್ನುವ ಹೆಸರು ಮನೆಮನೆಗೂ ಗೊತ್ತಾಯಿತು.

ಅದೇ ವರ್ಷ ಲಿನಕ್ಸಿನಲ್ಲಿ ದೊಡ್ಡ ಗಲಾಟೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಪರಿಶೀಲನೆ ಎಷ್ಟು ಗಟ್ಟಿ ನೋಡೋಣ ಅಂತ, ಬೇಕೆಂದೇ ತಪ್ಪಿರುವ ಬದಲಾವಣೆಗಳನ್ನು ಹೇಳದೆ ಕೇಳದೆ ಕಳಿಸಿದ್ದು ಬಯಲಾಯಿತು. ನಂಬಿಕೆಗೆ ಪೆಟ್ಟು ಬಿತ್ತು. ಆ ವಿಶ್ವವಿದ್ಯಾಲಯದವರು ಹಿಂದೆ ಕಳಿಸಿದ್ದನ್ನೆಲ್ಲ ಮತ್ತೆ ಕೂತು ಓದಬೇಕಾಯಿತು. ಓದಿದಾಗ ಹೆಚ್ಚಿನವು ಸರಿಯಾಗೇ ಇದ್ದವು. ಬೇಕೆಂದೇ ಕೆಡಿಸಿದ್ದವು ಒಳಗೆ ಸೇರಿರಲಿಲ್ಲ. ಆದರೆ ಆ ಮರು ಓದಿನ ದುಡಿಮೆಯನ್ನು ತುಂಬಿ ಕೊಡುವವರು ಯಾರು?

ಇನ್ನೊಂದು ಪ್ರಸಂಗ ನನಗೆ ತುಂಬಾ ಹಿಡಿಸಿತು. ಎಎಂಡಿ ಪ್ರೊಸೆಸರ್‌ಗಳಲ್ಲಿ ಬೇರೆ ಚಿಪ್ ಇಲ್ಲದೆ ಫರ್ಮ್‌ವೇರಿನಲ್ಲೇ ಟಿಪಿಎಂ ಇರುತ್ತದೆ. ಅದರಿಂದ ಕೆಲವು ಕಂಪ್ಯೂಟರ್‌ಗಳು ಆಗಾಗ ಕ್ಷಣಕಾಲ ತಡವರಿಸುತ್ತಿದ್ದವು. ಎಎಂಡಿ 2022ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿಕೊಂಡಿತು. ಲಿನಕ್ಸ್ 6.1 ಬಂದ ಮೇಲೆ ಅಲ್ಲೂ ಅದೇ ರೋಗ, ಯಾಕೆಂದರೆ ಅದು ಯಾದೃಚ್ಛಿಕ ಸಂಖ್ಯೆಗಳಿಗಾಗಿ ಟಿಪಿಎಂ ಅನ್ನು ಮೇಲಿಂದ ಮೇಲೆ ಕೇಳಲು ಶುರು ಮಾಡಿತ್ತು. ಮೊದಲು ಕೆಟ್ಟ ಫರ್ಮ್‌ವೇರ್ ಇದ್ದವಕ್ಕೆ ಮಾತ್ರ ಅದನ್ನು ನಿಲ್ಲಿಸಿದರು. ದೂರು ನಿಲ್ಲಲಿಲ್ಲ. ಕೊನೆಗೆ ಲಿನಸ್ ಟೊರ್ವಾಲ್ಡ್ಸ್ ಬೇಸತ್ತು, ಇದನ್ನು ಪೂರ್ತಿ ಆರಿಸಿಬಿಡೋಣ ಅಂದರು. 2023ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಸೇರಿಸಿದ್ದನ್ನು ತೆಗೆಯುವುದಕ್ಕೂ ಧೈರ್ಯ ಬೇಕು ಬಿಡಿ.

2024ರ ಶುರುವಿನಲ್ಲಿ ಒಬ್ಬ ಸಂಶೋಧಕ ಹಳೇ ಲ್ಯಾಪ್‌ಟಾಪೊಂದರ ಟಿಪಿಎಂ ತಂತಿಗಳಿಗೆ ಅಗ್ಗದ ಸರ್ಕ್ಯೂಟ್ ತಾಗಿಸಿ, ಡಿಸ್ಕಿನ ಕೀಲಿಯನ್ನು ಒಂದು ನಿಮಿಷದೊಳಗೆ ಎತ್ತಿ ತೋರಿಸಿದ. ಬೀಗ ಗಟ್ಟಿಯಾಗೇ ಇತ್ತು, ಕೀಲಿ ದಾರಿಯಲ್ಲಿ ಬೆತ್ತಲೆ ಬರುತ್ತಿತ್ತು. ಅದೇ ಜುಲೈನಲ್ಲಿ ಬಂದ ಲಿನಕ್ಸ್ 6.10ರಲ್ಲಿ, ಚಿಪ್ಪಿಗೂ ಕರ್ನೆಲ್ಲಿಗೂ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಸಾಗಿಸುವ ಏರ್ಪಾಡು ಸೇರಿತು. ಭದ್ರತೆ ಬಂತು, ಹಿಂದೆಯೇ ನಿಧಾನವಾಯಿತು ಅನ್ನುವ ತಕರಾರೂ ಬಂತು. ಮತ್ತೆ ಓದು, ಮತ್ತೆ ತಿದ್ದು.

ಚಿಪ್ಪಿನ ಹೆಸರಿನಲ್ಲೇ 'ಟ್ರಸ್ಟ್' ಇದೆ, ಸರಿ. ಆದರೆ ನಮ್ಮ ಬ್ಯಾಂಕಿನ ಪಾಸ್‌ವರ್ಡು, ಮಕ್ಕಳ ಫೋಟೋ, ಅಪ್ಪನ ಆಸ್ತಿ ಪತ್ರದ ಸ್ಕ್ಯಾನು ಎಲ್ಲ ಇರುವ ಯಂತ್ರದಲ್ಲಿ ಆ ನಂಬಿಕೆಯನ್ನು ಉಳಿಸಿದ್ದು ಚಿಪ್ಪೊಂದೇ ಅಲ್ಲ. ಯಾರೋ ಬರೆದ ಸಾಲನ್ನು ಇನ್ಯಾರೋ ಬೇಸರಿಸದೆ ಓದಿದ್ದು.

ಹೋದ ಮೀಟಿಂಗಿನಲ್ಲಿ ಸೊಸೈಟಿ ಸೆಕ್ರೆಟರಿಗೆ ಹೇಳಿದೆ, ಗೇಟಿನ ರಿಜಿಸ್ಟರ್ ವಾರಕ್ಕೊಮ್ಮೆಯಾದರೂ ಯಾರಾದರೂ ಓದಬೇಕು ಅಂತ. ಎಲ್ಲರೂ ಚಪ್ಪಾಳೆ ತಟ್ಟಿ ಆ ಕೆಲಸ ನನಗೇ ವಹಿಸಿದರು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಚಹಾ ಹಿಡಿದು ಗೇಟಿನ ಹತ್ತಿರ ಕೂರುತ್ತೇನೆ. ಇಲ್ಲದ ಫ್ಲಾಟಿನ ಆ ಅತಿಥಿ ಇನ್ನೂ ಸಿಕ್ಕಿಲ್ಲ!