ಕಾಯಿ ಬೀಳುವ ಹೊತ್ತು

ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ ಮಲಗಿದವರಿಗೆ ಒಂದು ಸದ್ದು ಚೆನ್ನಾಗಿ ಪರಿಚಯ. ನಡುರಾತ್ರಿ ಎಲ್ಲಿಯೋ ‘ದಬ್’ ಎನ್ನುತ್ತದೆ. ಬಲಿತ ಕಾಯೊಂದು ಉದುರಿತು. ಮುಂದಿನದು ಯಾವಾಗ? ಹೇಳಬಲ್ಲವರಿಲ್ಲ. ನಮ್ಮವ್ವ ಮಾತ್ರ ಹೇಳುತ್ತಿದ್ದಳು: “ಈಗ ತಾನೆ ಒಂದು ಬಿತ್ತಲ್ಲ, ಇನ್ನು ಸ್ವಲ್ಪ ಹೊತ್ತು ಬೀಳಾಕಿಲ್ಲ, ಬಾವಿಗೆ ಹೋಗ್ಬಾರಪ್ಪ.” ಆ ಭರವಸೆಯ ಮೇಲೆ ಬಿಂದಿಗೆ ಹಿಡಿದು ಹೊರಟ ಚಿಕ್ಕಪ್ಪನ ಹೆಗಲ ಮೇಲೆ ಎರಡನೆಯ ಕಾಯಿ ಬಿದ್ದು, ಅವರು ತಿಂಗಳೊಪ್ಪತ್ತು ಕೈ ಎತ್ತಲಾರದೆ ಹೋದರು.

ಇದು ನೆನಪಾದದ್ದು ತಮ್ಮನ ಮಗನಿಂದ. ಅವನು ರಜೆಗೆ ಬಂದವನು ಕೊಬ್ಬರಿ ಅಟ್ಟದ ಕೆಳಗೆ ಕುಳಿತು ಪುಟ್ಟದೊಂದು ವಿದ್ಯುನ್ಮಂಡಲ ಕಟ್ಟಿದ್ದ. ಟ್ರಾನ್ಸಿಸ್ಟರಿನ ಒಂದು ಸಂಧಿಗೆ 12 ವೋಲ್ಟನ್ನು ತಿರುಗುಮುರುಗಾಗಿ ಕೊಟ್ಟರೆ ಅದರೊಳಗೆ ಸಣ್ಣ ಗದ್ದಲವೇಳುತ್ತದೆಯಂತೆ. ಆ ಗದ್ದಲವನ್ನು ಹಿಗ್ಗಿಸಿ, ಅದು ಒಂದು ಮಟ್ಟ ಮೀರಿದಾಗಲೆಲ್ಲ ದೀಪ ಮಿನುಗುವಂತೆ ಮಾಡಿದ್ದ. ಮಟ್ಟವನ್ನು ಏರಿಸಿದಷ್ಟೂ ಮಿನುಗು ವಿರಳ. “ದೊಡ್ಡಪ್ಪ, ಮುಂದಿನದು ಯಾವಾಗ ಹೇಳಿ ನೋಡೋಣ” ಎಂದ. ನಾನು ಕನ್ನಡ ಮೇಷ್ಟ್ರು. ಸೋತೆ.

ಸೋತವರಲ್ಲಿ ನಾನೇ ಮೊದಲಿಗನಲ್ಲ. ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಪೊಲೋನಿಯಂ ಧಾತುವಿನಿಂದ ಚಿಮ್ಮುವ ಕಣಗಳ ಮಿಂಚನ್ನು ಎಣಿಸಿ 1910ರಲ್ಲಿ ಲೆಕ್ಕ ಪ್ರಕಟಿಸಿದರು. ಏಳೂವರೆ ಸೆಕೆಂಡಿನ 2608 ಅವಧಿಗಳು. ಅವಧಿಗೆ ಸರಾಸರಿ 3.87 ಮಿಂಚು. ಆದರೂ 57 ಅವಧಿಗಳಲ್ಲಿ ಒಂದೂ ಇರಲಿಲ್ಲ. ಗಣಿತ ಮೊದಲೇ ಹೇಳುವ ಪ್ರಮಾಣಕ್ಕೆ ಇದು ಸರಿಸುಮಾರಾಗಿ ಹೊಂದಿತು. ಒಂದು ಕಣ ಬಂದುದು ಮುಂದಿನ ಕಣಕ್ಕೆ ತಿಳಿಯದು. ಎಷ್ಟು ಹೊತ್ತು ಕಾದಿದ್ದರೂ ಇನ್ನು ಕಾಯಬೇಕಾದ ಸರಾಸರಿ ಹೊತ್ತು ಅಷ್ಟೇ ಉಳಿಯುತ್ತದೆ. (ತೆಂಗಿನಕಾಯಿ ಇಷ್ಟು ನಿಷ್ಠುರವಲ್ಲ, ಅದಕ್ಕೆ ಬಲಿತದ್ದು, ಗಾಳಿ ಬೀಸಿದ್ದು ಎಂಬ ನೆಪಗಳುಂಟು.)

1928ರಲ್ಲಿ ಗೈಗರ್ ಮತ್ತು ಮ್ಯೂಲರ್ ಮಾಡಿದ ನಳಿಗೆ, ಕಣವೊಂದು ಹಾದರೆ ಒಂದು ವಿದ್ಯುತ್ ಮಿಡಿತ ಕೊಡುತ್ತದೆ. ಆದರೆ ಅಕಸ್ಮಾತ್ತಿನ ಈ ಟಿಕ್ ಟಿಕ್ ನಡುವೆ ಅರ್ಥವುಳ್ಳದ್ದನ್ನು ಹೆಕ್ಕುವುದು ಹೇಗೆ? ಇಟಲಿಯ ಬ್ರೂನೋ ರೋಸಿ 1930ರಲ್ಲಿ ಒಂದು ಮಂಡಲ ಹೂಡಿದ: ಹಲವು ನಳಿಗೆಗಳು ಏಕಕಾಲಕ್ಕೆ ಮಿಡಿದರಷ್ಟೇ ಲೆಕ್ಕ. ಒಂದೇ ಕ್ಷಣಕ್ಕೆ ಮೂವರೂ ಸಾಕ್ಷಿ ನುಡಿದರೆ ಅದು ಬಹುಮಟ್ಟಿಗೆ ಒಂದೇ ಕಣದ ಹಾದಿ.

ಈ ಯುಕ್ತಿ ನಮ್ಮ ನಾಡಿಗೆ ಬಂದು ನೆಲೆಸಿತು. 1939ರಲ್ಲಿ ಯುದ್ಧ ಹತ್ತಿ ಇಂಗ್ಲೆಂಡಿಗೆ ಮರಳದೆ ಉಳಿದ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ವಿಭಾಗವನ್ನು ಕಟ್ಟಿದರು. ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು 1948ರಲ್ಲಿ ಸೇರಿದವರು ನಂಜನಗೂಡಿನ ಬಿ. ವಿ. ಶ್ರೀಕಂಠನ್. ನೆಲದಡಿ ಎಷ್ಟು ಆಳದವರೆಗೆ ವಿಶ್ವಕಿರಣ ಇಳಿಯುತ್ತದೆಂದು ಅಳೆಯಲು ಅವರು 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಉಪಕರಣ ಹೊತ್ತು ಇಳಿದರು. ಚಿನ್ನ ಅಗೆಯುವವರ ನಡುವೆ ಮಿಡಿತ ಎಣಿಸುವವರು!

ಆಳ ಹೆಚ್ಚಿದಂತೆ ಮಿಡಿತಗಳು ವಿರಳವಾದವು. 1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮ ನರಸಿಂಹಂ ಮತ್ತು ರಾಮನಮೂರ್ತಿ 2760 ಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕಥೆಯ ಅತ್ಯಂತ ಸೊಗಸಾದ ಭಾಗ ಈ ಮೌನ. ಮೇಲಿನಿಂದ ಬರುವ ಗದ್ದಲ ಇಷ್ಟು ಅಡಗಿದ ಕಡೆ, ಪಕ್ಕದಿಂದ ಬಂಡೆಯನ್ನು ಸೀಳಿ ಒಂದು ಮಿಡಿತ ಬಂದರೆ ಅದನ್ನು ನ್ಯೂಟ್ರಿನೋ ಎಬ್ಬಿಸಿದ್ದಿರಬೇಕು. ಜಪಾನ್ ಮತ್ತು ಇಂಗ್ಲೆಂಡಿನವರೂ ಕೂಡಿ, 2300 ಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದರು. 1965ರಲ್ಲಿ ಅದು ಸಿಕ್ಕಿತು. ದಕ್ಷಿಣ ಆಫ್ರಿಕದ ಗಣಿಯಲ್ಲಿ ರೈನ್ಸ್ ತಂಡಕ್ಕೆ ಗುರುತು ಮೊದಲು ದೊರೆತಿತ್ತು. ಅಚ್ಚಾದದ್ದು ಕೋಲಾರದ್ದೇ ಮೊದಲು, ಎರಡು ವಾರಗಳ ಅಂತರದಲ್ಲಿ.

ಅಲ್ಲಿಯ ಪ್ರಯೋಗಗಳು 1992ರಲ್ಲಿ ನಿಂತವು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಎರಡು ತಿಂಗಳ ಮೌನವನ್ನು ಆಲಿಸಿದ ಆಳದ ಸುರಂಗಗಳಿಗೆ ನೀರು ತುಂಬಿತು.