ಗೂಡು, ಒಲೆ, ಹೊಲ

1786ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಪತ್ರವೊಂದರಲ್ಲಿ ಎರಡು ಹೆಸರುಗಳು ಬರುತ್ತವೆ: ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ. ಬಂಗಾಳದಿಂದ ರೇಷ್ಮೆ ಹುಳು ತರುವ ಕೆಲಸ ಇವರಿಬ್ಬರದು. ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದ ನಾವು ಈ ಜೋಡಿ ಹೆಸರನ್ನು ಮರೆತಿದ್ದೇವೆ. ಅವರು ಹೊತ್ತು ತಂದ ಕಸುಬು ಮಾತ್ರ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳಲ್ಲಿ ಇಂದಿಗೂ ಸಾವಿರಾರು ಮನೆಗಳ ಅನ್ನವಾಗಿದೆ.

ಈ ಕಸುಬಿನ ಲೆಕ್ಕಾಚಾರ ಸರಳವಾದದ್ದು. ರೈತ ಹಿಪ್ಪುನೇರಳೆ ಬೆಳೆಯುತ್ತಾನೆ. ಹುಳು ತಿಂದುಳಿದ ಸೊಪ್ಪು ಹಸುವಿಗೆ ಮೇವು, ಹಸುವಿನ ಹಾಲು ಊರಿನ ಡೇರಿಗೆ. ಹುಳುವಿನ ಹಿಕ್ಕೆ ತಿಪ್ಪೆ ಸೇರಿ ಹೊಲಕ್ಕೆ ಗೊಬ್ಬರ; ಒಣಗಿದ ಕಡ್ಡಿ ಒಲೆಗೆ ಸೌದೆ. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳು ಕೋಳಿಗೂ ಮೀನಿಗೂ ಆಹಾರವಾಗುತ್ತದೆ. ಚನ್ನಪಟ್ಟಣದ ಬೊಂಬೆಯವರದೂ ಇದೇ ದಾರಿ: ಹಾಲೆ ಮರ, ಅರಗು, ಹೊಳಪಿಗೊಂದು ಗರಿ. ದುಂದು ಸಲ್ಲದೆಂದು ನಮ್ಮ ಧರ್ಮ ಹೇಳಿದ್ದನ್ನು ಈ ಬಡ ಕಸುಬುದಾರರು ಉಪದೇಶವಿಲ್ಲದೆಯೇ ಪಾಲಿಸಿದ್ದಾರೆ.

ಹುಳು ಸಾಕುವವರಲ್ಲಿ ಒಕ್ಕಲಿಗರು ಹೆಚ್ಚು, ರಾಮನಗರದಲ್ಲಿ ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಹೆಚ್ಚು. ಗೂಡು ಕೆಲವೇ ದಿನ ತಾಳುತ್ತದೆ. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ಕೆಡುತ್ತದೆ. ಈ ಅವಸರವನ್ನೇ ದಲ್ಲಾಳಿ ಲಾಭ ಮಾಡಿಕೊಳ್ಳಬಾರದಲ್ಲ! 1959ರ ಕಾಯ್ದೆ ಗೂಡಿನ ವಹಿವಾಟನ್ನು ಸರಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತಂದಿತು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬರಿಲ್ಲದೆ ಇನ್ನೊಬ್ಬರ ದಿನ ಸಾಗದು. ಸೌಹಾರ್ದದ ಭಾಷಣಗಳಿಗಿಂತ ಈ ನಿತ್ಯದ ಅಗತ್ಯವೇ ಹೆಚ್ಚು ಗಟ್ಟಿ.

ಹಾಗೆಂದು ಎಲ್ಲವೂ ಹಸನಾಗಿದೆಯೆಂದು ಬರೆದರೆ ಇತಿಹಾಸಕ್ಕೆ ದ್ರೋಹವಾದೀತು. ಗೂಡು ಬೇಯಿಸುವ ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿದವರ ಬೆರಳು ಬೆಂದು ಬಿರಿಯುತ್ತವೆ, ಹೊಗೆ ಎದೆಯಲ್ಲಿ ನಿಲ್ಲುತ್ತದೆ. ಮುಂಗಡ ಸಾಲಕ್ಕೆ ಮಕ್ಕಳನ್ನು ಜೀತಕ್ಕಿಟ್ಟ ಕಥೆಗಳೂ ಕರ್ನಾಟಕದ ರೇಷ್ಮೆಯ ಚರಿತ್ರೆಯಲ್ಲಿವೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಇದನ್ನು ಜಗತ್ತಿನ ಮುಂದಿಟ್ಟಿತು. ಆ ಒಲೆಗಳ ಮಾಲೀಕರಲ್ಲಿ ನಮ್ಮವರೂ ಇದ್ದರು, ಬೆಂದ ಬೆರಳುಗಳಲ್ಲಿಯೂ ನಮ್ಮ ಮಕ್ಕಳವು ಇದ್ದವು. ಹುಳುವಿನ ಹಿಕ್ಕೆಯೂ ವ್ಯರ್ಥವಾಗದ ಕಸುಬಿನಲ್ಲಿ ಮಗುವಿನ ಬಾಲ್ಯ ವ್ಯರ್ಥವಾಯಿತಲ್ಲ, ಇದಕ್ಕೆ ಏನೆನ್ನೋಣ?

ದಾರಿಗಳಿಲ್ಲವೆಂದಲ್ಲ. ಕಡಿಮೆ ಸೌದೆಯಲ್ಲಿ, ಕಡಿಮೆ ಹೊಗೆಯಲ್ಲಿ ಗೂಡು ಬೇಯಿಸುವ ಗ್ಯಾಸಿಫೈಯರ್ ಒಲೆಯನ್ನು 1990ರ ದಶಕದಲ್ಲೇ ಟೆರಿ ಸಂಸ್ಥೆ ಸ್ವಿಸ್ ನೆರವಿನಿಂದ ರೂಪಿಸಿತು. ಆದರೆ ಒಲೆ ಬದಲಿಸಲು ಬಂಡವಾಳ ಬೇಕು. ಎರಡು ಬೇಸಿನ್ನಿನ ಸಣ್ಣ ರೀಲರ್‌ಗೆ ದುಬಾರಿ ಬಡ್ಡಿಯಿಲ್ಲದ ಸಾಲ ಕೊಡುವವರು ಯಾರು? ಜಕಾತ್ ಹಂಚುವಾಗ, ಸಹಕಾರ ಸಂಘ ಕಟ್ಟುವಾಗ ನಮ್ಮ ಶ್ರೀಮಂತರು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಬೆವರು ಆರುವ ಮೊದಲು ಕೂಲಿ ಕೊಡಿ ಎಂದು ಪ್ರವಾದಿವರ್ಯರು (ಸ) ಕಲಿಸಿದ್ದು ಮಸೀದಿಯ ಒಳಗಿನ ಮಾತು ಮಾತ್ರವಲ್ಲ. ಅದು ಗೂಡಿನ ಒಲೆಯ ಬಳಿಯೂ ಸಲ್ಲಬೇಕಾದ ಮಾತು.